ನಾಲ್ಕಡಿ ಬೆಡ್ಡಿನ ಕೈತೋಟ: ಚೀಲ ಚೆನ್ನಾಗಿದೆ, ಜೊತೆಗೆ ಕೊಡುವ ಮಣ್ಣು ಬೇಡ

ಮನೆ ಮುಂದೆ ಸ್ವಲ್ಪ ಜಾಗ ಇದೆ, ತರಕಾರಿ ಬೆಳೆಯುವ ಆಸೆಯೂ ಇದೆ, ಆದರೆ ಆಷಾಢದ ಸೋನೆ ಮಳೆಗೆ ನೀರು ನಿಂತು ಬೇರು ಕೊಳೆಯುತ್ತೆ ಅನ್ನುವವರು ನಮ್ಮ ಚಿಕ್ಕಮಗಳೂರಲ್ಲಿ ಬಹಳ ಮಂದಿ. ಅವರಿಗೆಲ್ಲ ಈ ಎಚ್‌ಡಿಪಿಇ ಬೆಡ್, ಅಂದರೆ ಮಣ್ಣು ತುಂಬಿ ಗಿಡ ಬೆಳೆಸುವ ಗಟ್ಟಿ ಪ್ಲಾಸ್ಟಿಕ್ ಬಟ್ಟೆಯ ಚೀಲ, ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ನಾನು ತಂದಿದ್ದು 4 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರದ್ದು. ಪಿವಿಸಿ ಪೈಪಿನ ಚೌಕಟ್ಟೂ ಸೇರಿ ಸಾವಿರದ ಒಳಗೇ ಆಯ್ತು.

ಅಗಲ 2 ಅಡಿ ಇರೋದು ಬಹಳ ಅನುಕೂಲ. ಯಾವ ಕಡೆಯಿಂದ ನಿಂತರೂ ಕೈ ಎಟುಕುತ್ತೆ. ಕಳೆ ಕೀಳೋಕೆ ಮಣ್ಣಿನ ಮೇಲೆ ಕಾಲಿಡಬೇಕಾಗಿಲ್ಲ. ತುಳಿಯದಿದ್ದರೆ ಮಣ್ಣು ಗಟ್ಟಿಯಾಗಲ್ಲ, ಬೇರು ಸಲೀಸಾಗಿ ಇಳಿಯುತ್ತೆ. ಬೀನ್ಸ್, ಬೆಂಡೆ, ಮೂಲಂಗಿ, ಸೊಪ್ಪು ಇವಕ್ಕೆಲ್ಲ ಒಂದಡಿ ಆಳ ಸಾಕು.

ಪೈಪ್ ಬೇಡ, ಬರೀ ಚೀಲ ಕೊಡಿ ಅನ್ನಬೇಡಿ. ಮಣ್ಣು ತುಂಬಿ ಒದ್ದೆಯಾದ ಮೇಲೆ ಪಕ್ಕಗಳು ಉಬ್ಬಿಕೊಳ್ಳುತ್ತವೆ. ಒಂದು ಕೊರತೆ ಹೇಳಲೇಬೇಕು. ಮೂಲೆಗಳಲ್ಲಿ ಎರಡು ಸಾಲು ಹೊಲಿಗೆ ಹಾಕಿದ್ದಾರೆ, ಪೈಪ್ ತೂರಿಸುವ ಪಟ್ಟಿಗೆ ಮಾತ್ರ ಒಂದೇ ಸಾಲು. ಭಾರ ಬೀಳೋದೇ ಅಲ್ಲಿ! ದಪ್ಪ ನೈಲಾನ್ ದಾರದಲ್ಲಿ ನಾನೇ ಇನ್ನೊಂದು ಸಾಲು ಹಾಕಿದೆ. ಕೊಳ್ಳುವಾಗ ಆ ಪಟ್ಟಿಯನ್ನು ಎಳೆದು ನೋಡಿ.

ನನಗೆ ಬೇಜಾರಾಗಿದ್ದು ಅಂಗಡಿಯವರು ಜೊತೆಗೆ ಕೊಟ್ಟ 'ರೆಡಿ ಮಣ್ಣಿನ' ಬಗ್ಗೆ. ಹಿಡಿ ತುಂಬ ಹಿಂಡಿದರೆ ನೀರು ಸುರಿಯಿತು, ಬಿಟ್ಟರೆ ಸ್ಪಂಜಿನ ಹಾಗೆ ಉಬ್ಬಿತು. ಮುಕ್ಕಾಲು ಪಾಲು ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದು ತೇವ ಹಿಡಿದಿಡುತ್ತೆ ನಿಜ, ಆದರೆ ಗಿಡಕ್ಕೆ ಊಟ ಅದರಲ್ಲಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಅದನ್ನೇ ತುಂಬಿ ಅಂತ ಹೇಳಿ ಮಾರೋದು ನ್ಯಾಯ ಅಲ್ಲ. ಗಿಡ ಸೊರಗಿದಾಗ ಅವರು ತಮ್ಮ ಕೈಗುಣವೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ, ಅಲ್ವಾ?

ಈ ಅಳತೆಯ ಬೆಡ್ಡಿಗೆ ಹತ್ತಿರ ಹತ್ತಿರ 225 ಲೀಟರ್ ಮಣ್ಣು ಹಿಡಿಸುತ್ತೆ. ಅಂದರೆ 20 ಲೀಟರಿನ ಬಕೆಟ್ಟಿನಲ್ಲಿ ಹನ್ನೊಂದು. ನಾನು ಐದು ಬಕೆಟ್ ಕೆಮ್ಮಣ್ಣು, ನಾಲ್ಕು ಬಕೆಟ್ ಗೊಬ್ಬರ, ಎರಡು ಬಕೆಟ್ ಕೋಕೋಪೀಟ್, ಮೇಲೆ ಎರಡು ಹಿಡಿ ಬೇವಿನ ಹಿಂಡಿ ಹಾಕಿದೆ. ಕೋಕೋಪೀಟನ್ನು ಬಿಡಿಯಾಗಿ ತಗೊಂಡು ನೆನೆಸಿ, ನೀರು ಬಸಿದು ಬಳಸಿ. ಮೊದಲ ನೀರು ಕಡು ಕಂದಾಗಿ ಬರುತ್ತೆ. ಅದು ತಿಳಿಯಾಗುವ ತನಕ ತೊಳೆದರೆ ಉಪ್ಪಿನಂಶ ಹೋಗುತ್ತೆ. ಗೊಬ್ಬರ ತಮ್ಮನ ಆಲ್ದೂರಿನ ತೋಟದ್ದು, ಕಾಫಿ ಹಣ್ಣಿನ ಸಿಪ್ಪೆ ಮತ್ತು ಸಗಣಿ ಸೇರಿಸಿ ಕೊಳೆಸಿದ್ದು. ಹಸಿ ಸಿಪ್ಪೆ ಮಾತ್ರ ಹಾಕಬೇಡಿ. ಅದು ಕೊಳೆಯುವಾಗ ಕಾವು ಏಳುತ್ತೆ, ಎಳೆ ಬೇರು ಸುಟ್ಟುಹೋಗುತ್ತೆ. ಕಪ್ಪಗೆ ಪುಡಿಪುಡಿಯಾಗಿ, ಮಳೆ ಬಿದ್ದ ಕಾಡಿನ ವಾಸನೆ ಬರಬೇಕು. ಆಗ ಅದು ಸಿದ್ಧ.

ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳದ್ದು. ಬೀನ್ಸಿಗೆ ಅರ್ಕಾ ಕೋಮಲ್, ಬೆಂಡೆಗೆ ಅರ್ಕಾ ಅನಾಮಿಕಾ. ಕೋಮಲ್ ಗಿಡ್ಡ ಗಿಡ, ಚಪ್ಪರ ಬೇಡ. ಅನಾಮಿಕಾ ಹಳದಿ ನಂಜು ರೋಗ ತಡೆದುಕೊಳ್ಳಲಿ ಅಂತಲೇ ಬೆಳೆಸಿದ ತಳಿ. ಬೀನ್ಸ್ ಎಷ್ಟು ಎಳೆಯದಾಗಿತ್ತು ಅಂದರೆ ನಾರು ತೆಗೆಯುವ ಕೆಲಸವೇ ಇರಲಿಲ್ಲ, ಹಾಗೇ ಮುರಿದು ಪಲ್ಯಕ್ಕೆ ಹಾಕಿದೆ.

ಬಿಟ್ಟೂಬಿಡದೆ ಮಳೆ ಹೊಯ್ದಾಗಲೂ ಅಡಿಯ ತೂತುಗಳಿಂದ ನೀರು ಹರಿದುಹೋಗುತ್ತಿತ್ತು. ಚೀಲದ ಕೆಳಗೆ ನಾಲ್ಕು ಇಟ್ಟಿಗೆ ಚೂರು ಇಡಿ, ಇಲ್ಲದಿದ್ದರೆ ಸಿಮೆಂಟ್ ನೆಲಕ್ಕೆ ಅಂಟಿಕೊಂಡು ತೂತು ಮುಚ್ಚುತ್ತೆ. ಬಸವನಹುಳು ಮಾತ್ರ ಎತ್ತರ ಗಿತ್ತರ ನೋಡಲ್ಲ, ಹತ್ತಿ ಬರುತ್ತೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸಿ ತೆಗೆಯೋದೇ ದಾರಿ.

ತಾರಸಿ ಮೇಲೆ ಇಡುವ ಯೋಚನೆ ಇದ್ದರೆ ಒಂದು ಮಾತು. ಒದ್ದೆ ಮಣ್ಣು ತುಂಬಿದ ಈ ಬೆಡ್ 200 ಕಿಲೋ ಮೇಲೇ ತೂಗುತ್ತೆ. ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿ, ತೊಲೆ ಹಾದುಹೋದ ಜಾಗ ನೋಡಿ ಇಡಿ. ಅಂಗಡಿಯಲ್ಲಿ ಚೀಲದ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅಂತಲೂ ಕೇಳಿ. ಅದು ಜಾಸ್ತಿ ಇದ್ದಷ್ಟೂ ಬಟ್ಟೆ ದಪ್ಪ.