ಮನೇಲಿ ಎಲೆಕ್ಟ್ರಿಕ್ ಕಾರ್ ಚಾರ್ಜರ್ ಹಾಕಿಸ್ತಿದ್ದೀರಾ? ಹಸಿರು ಲೈಟ್ ನೋಡಿ ನಂಬಬೇಡಿ

ಇದನ್ನು ಬರೆಯೋಕೆ ನನಗೇ ನಾಚಿಕೆ ಆಗುತ್ತಿದೆ. ಇಪ್ಪತ್ತು ವರ್ಷದಿಂದ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. ಬಂದ ಮಾಲು ಬಿಲ್‌ಗೆ ತಾಳೆ ಆಗದಿದ್ದರೆ ಲಾರಿಯನ್ನೇ ವಾಪಸ್ ಕಳಿಸುತ್ತೇನೆ. ಅಂಥವನು ನನ್ನ ಮನೆ ಗೋಡೆಗೆ ಹಾಕಿದ ಮಾಲನ್ನೇ ಎಣಿಸಿಕೊಳ್ಳಲಿಲ್ಲ. 48,500 ರೂಪಾಯಿ ಹೋಯಿತು. ದುಡ್ಡು ಹಾಳಾಗಿ ಹೋಗಲಿ, ಮನೆಯವರಿಗೆ ಏನಾದರೂ ಆಗಿದ್ದಿದ್ದರೆ?

ಕಾರು ಸಣ್ಣದು, 24 ಯೂನಿಟ್ ಬ್ಯಾಟರಿ. ಮೈಸೂರಿನಿಂದ ಹೋಗಿ ಬಂದು ದಿನಕ್ಕೆ 50 ಕಿಲೋಮೀಟರ್ ಓಡಾಟ. ಕಾರ್ ಜೊತೆ ಬಂದ ಕೇಬಲ್ಲನ್ನು ವಾಷಿಂಗ್ ಮೆಷಿನ್ ಸಾಕೆಟ್‌ಗೆ ಹಾಕಿ ಕಿಟಕಿಯಿಂದ ಹೊರಗೆ ಎಳೆದುಕೊಂಡಿದ್ದೆ. ಎರಡು ವಾರಕ್ಕೆ ಸಾಕೆಟ್ ಮುಖ ಕಂದು ಬಣ್ಣಕ್ಕೆ ತಿರುಗಿತು. ಪ್ಲಗ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಗಂಟೆಗಟ್ಟಲೆ 14-15 ಆಂಪ್ಸ್ ಎಳೆದರೆ ಮಾಮೂಲಿ ಸಾಕೆಟ್ ತಡೆಯಲ್ಲ. ಅಲ್ಲಿಗೆ ನಾನು ಹೆದರಿದ್ದು ಸರಿಯೇ. ಹೆದರಿದವನು ಮೊದಲು ಸಿಕ್ಕಿದವನಿಗೆ ಫೋನ್ ಮಾಡಿದ್ದೇ ತಪ್ಪು.

ಸಿಕ್ಕಿದವನು 'ಇವಿ ಸ್ಪೆಷಲಿಸ್ಟ್' ಅಂತ ಕಾರ್ಡ್ ಹೊಡೆಸಿಕೊಂಡಿದ್ದ. ಹೆಸರು ಬರೆಯಲ್ಲ, ತಕರಾರು ನಡೀತಿದೆ. ಬಂದ, ಸುಟ್ಟ ಸಾಕೆಟ್ ನೋಡಿ ತಲೆ ಅಲ್ಲಾಡಿಸಿದ. "ಸರ್, ಹದಿನೈದು ಲಕ್ಷದ ಗಾಡಿಗೆ ಹದಿನೈದು ಆಂಪ್ಸ್ ಸಾಕೆಟ್ಟಾ? 7.2 ಕಿಲೋವ್ಯಾಟ್ ವಾಲ್ ಬಾಕ್ಸ್ ಹಾಕ್ಸಿ, ಗೋಡೆಗೆ ಕೂರಿಸೋ ಚಾರ್ಜರ್. ಮೂರೂವರೆ ಗಂಟೇಲಿ ಫುಲ್." ನನ್ನ ಗಾಡಿ ಹದಿನೈದು ಲಕ್ಷದ್ದೂ ಅಲ್ಲ. ಆದರೂ ಕೇಳೋಕೆ ಚೆನ್ನಾಗಿತ್ತು, ತಿದ್ದಲಿಲ್ಲ.

ಮನೆಯವರು ಅಡುಗೆಮನೆಯಿಂದಲೇ ಕೇಳಿದರು. "ಅಲ್ರೀ, ರಾತ್ರಿಯೆಲ್ಲ ಕಾರು ಸುಮ್ನೆ ನಿಂತಿರತ್ತಲ್ಲ, ಮೂರೂವರೆ ಗಂಟೇಲಿ ತುಂಬಿಸಿ ಎಲ್ಲಿಗೆ ಹೋಗ್ತೀರಾ?" ನಾನು ನಕ್ಕುಬಿಟ್ಟೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿದರು, ಗೃಹಜ್ಯೋತಿ ಏನಾಗುತ್ತೆ ಅಂತ. ಅವನು ಅಲ್ಲೇ ನಿಂತು ಹೇಳಿದ್ದು: "ಮೇಡಂ, ಚಾರ್ಜರ್ ಕರೆಂಟು ಆ ಲೆಕ್ಕಕ್ಕೆ ಬರಲ್ಲ." ಒಂದೇ ಮೀಟರ್, ಬರದೆ ಎಲ್ಲಿಗೆ ಹೋಗುತ್ತೆ? ನಮ್ಮ ಮನೆಯಲ್ಲಿ ತಿಂಗಳಿಗೆ 110 ಯೂನಿಟ್ ಆಗುತ್ತಿತ್ತು, ಬಿಲ್ ಸೊನ್ನೆ. ಕಾರು ಬಂದ ಮೇಲೆ 270 ದಾಟಿತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮೇಲಿನ 70 ಯೂನಿಟ್‌ಗೆ ಮಾತ್ರ ಅಲ್ಲ. ಹೇಗೆ ಚಾರ್ಜ್ ಮಾಡಿದರೂ ಇದು ತಪ್ಪುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಸುಳ್ಳು ಸುಳ್ಳೇ ಅಲ್ವಾ?

ಎಸ್ಟಿಮೇಟ್ ಒಂದು ಹಾಳೆಯಲ್ಲಿ ಬರೆದುಕೊಟ್ಟ. ವಾಲ್ ಬಾಕ್ಸ್, 6 ಸ್ಕ್ವೇರ್ ಎಂಎಂ ದಪ್ಪದ ವೈರು, ಎಂಸಿಬಿ (ಲೋಡ್ ಜಾಸ್ತಿ ಆದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್), ಹೊಸ ಅರ್ಥಿಂಗ್ ಗುಂಡಿ ತಾಮ್ರದ ರಾಡ್ ಸಮೇತ, ಕೂಲಿ. ಜಿಎಸ್‌ಟಿ ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಜಾಸ್ತಿ ಆಗುತ್ತೆ ಸರ್." ಬೇಡ ಅಂದೆ. ಕಾರ್ಖಾನೆಯಲ್ಲಿ ಬಿಲ್ ಇಲ್ಲದೆ ಒಂದು ನಟ್ ಒಳಗೆ ಬಿಡಲ್ಲ ನಾನು.

ಆಯುಧ ಪೂಜೆಗೆ ನಾಲ್ಕು ದಿನ ಮುಂಚೆ ಇಬ್ಬರು ಹುಡುಗರು ಬಂದು ಕೂರಿಸಿದರು. ಸಂಜೆ ಕನೆಕ್ಟರ್ ಕಾರಿಗೆ ಚುಚ್ಚಿದಾಗ ಕೆಂಪು ಲೈಟ್. ಮತ್ತೆ ಚುಚ್ಚಿದರು, ಮತ್ತೆ ಕೆಂಪು. ಒಬ್ಬ ಹುಡುಗ ಫೋನ್ ಹಿಡಿದು ಮೂಲೆಗೆ ಹೋಗಿ ಮಾತಾಡಿ ಬಂದ. ಮೆಯಿನ್ ಆಫ್ ಮಾಡಿ, ಪಕ್ಕದ ಸಣ್ಣ ಡಬ್ಬಿ ಬಿಚ್ಚಿ, ಹತ್ತು ನಿಮಿಷ ಏನೋ ಮಾಡಿದ. ಆನ್ ಮಾಡಿದರೆ ಹಸಿರು. "ಏನಪ್ಪಾ ಆಗಿತ್ತು?" ಅಂದೆ. "ಸೆಟ್ಟಿಂಗ್ ಸರ್" ಅಂದ. ಆ ಹತ್ತು ನಿಮಿಷ ನೆನಪಾದರೆ ಈಗಲೂ ಮೈ ಉರಿಯುತ್ತೆ. ನಾನು ಅವರಿಗೆ ಕಾಫಿ ತರಲು ಒಳಗೆ ಹೋಗಿದ್ದೆ. ಕಾಫಿ!

ಹಬ್ಬದ ದಿನ ಕಾರಿಗೂ ಬಾಕ್ಸಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದೆವು.

ಮೊದಲು ಬಯಲಾಗಿದ್ದು ವೇಗದ ಕಥೆ. ಒಂದು ರಾತ್ರಿ 10 ಪರ್ಸೆಂಟ್ ಇದ್ದಾಗ ಹಾಕಿದೆ. ಕಾರಿನ ಪರದೆ ಮೇಲೆ '7 ಗಂಟೆ 10 ನಿಮಿಷ' ಅಂತ ಬಂತು. ಹಳೇ ಕೇಬಲ್‌ನಲ್ಲೂ ಇಷ್ಟೇ ತೋರಿಸುತ್ತಿತ್ತು. ಬಿಚ್ಚಿ ಮತ್ತೆ ಹಾಕಿದೆ, ಅಷ್ಟೇ. ಆಮೇಲೆ ಕಾರಿನ ಪುಸ್ತಕ ತೆಗೆದು ನೋಡಿದೆ. ನಾನು ತಗೊಂಡ ಮಾಡೆಲ್ಲಿನ ಒಳಗಿರುವ ಚಾರ್ಜರ್ 3.3 ಕಿಲೋವ್ಯಾಟ್‌ನದು. ಗೋಡೆ ಮೇಲೆ 7.2 ಹಾಕಿ, 22 ಹಾಕಿ, ಕಾರು ಎಳೆಯೋದು 3.3 ಮಾತ್ರ. ಗೋಡೆಯದು ಬರೀ ನಲ್ಲಿ, ಕುಡಿಯುವ ಬಾಯಿ ಕಾರಿನೊಳಗಿದೆ. ದಿನದ 50 ಕಿಲೋಮೀಟರ್‌ಗೆ ಬೇಕಾದ್ದು ಏಳು ಯೂನಿಟ್ ಒಳಗೆ. ಅದು ಎರಡು ಗಂಟೆ ಚಿಲ್ಲರೆಯ ಕೆಲಸ. ಮನೆಯವರು ಅಡುಗೆಮನೆಯಿಂದ ಹೇಳಿದ್ದೂ ಅದೇ.

ವಾಟ್ಸಾಪ್ ಮಾಡಿದೆ. ಅವನ ಉತ್ತರ: "ಬಾಕ್ಸ್ 7.2 ನೇ ಸರ್, ಸ್ಟಿಕ್ಕರ್ ನೋಡಿ." ನಾನು: ಕಾರು ಅಷ್ಟು ತಗೊಳ್ಳಲ್ವಲ್ಲ. "ಕಾರ್ ತಗೊಳ್ದಿದ್ರೆ ನಾವೇನ್ ಮಾಡೋಣ ಸರ್." ಮೊದಲೇ ಯಾಕೆ ಹೇಳಲಿಲ್ಲ? "ನೀವು ಕೇಳ್ಲಿಲ್ಲ. ಮುಂದಿನ ಕಾರಿಗೆ ಬೇಕಾಗುತ್ತೆ ಬಿಡಿ." ಮುಂದಿನ ಕಾರು! ಈ ಕಾರಿನ ಇನ್ನೂ ಐವತ್ತೆಂಟು ಕಂತು ಬಾಕಿ ಇದೆ.

ಇದು ಬರೀ ದುಡ್ಡಿನ ಮೋಸ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ.

ಹಿಂಗಾರು ಮಳೆ ಶುರುವಾಯಿತು. ಒಂದು ಬೆಳಗ್ಗೆ ಮನೆಯವರು ರಂಗೋಲಿ ಹಾಕಿ ಏಳುವಾಗ, ಬರಿಗಾಲು, ನೆಲ ಒದ್ದೆ, ಚಾರ್ಜ್‌ಗೆ ಹಾಕಿದ್ದ ಕಾರಿನ ಬಾಗಿಲಿಗೆ ಕೈ ಕೊಟ್ಟರು. "ಜುಮ್ ಅಂತು ಕಣ್ರೀ." ನಾನು ಮುಟ್ಟಿದೆ, ನನಗೂ ಜುಮ್. ಅವನಿಗೆ ಫೋನ್ ಮಾಡಿದೆ. "ಮಳೆಗಾಲ ಸರ್, ಸ್ಟ್ಯಾಟಿಕ್ ಕರೆಂಟ್ ಇರುತ್ತೆ. ಚಪ್ಪಲಿ ಹಾಕ್ಕೊಂಡ್ ಮುಟ್ಟಿ."

ಚಪ್ಪಲಿ ಹಾಕ್ಕೊಂಡ್ ಮುಟ್ಟಬೇಕಂತೆ.

ನಮ್ಮ ಸೋದರಮಾವ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಅದು ಎಷ್ಟು ಹೆಸರು ಬದಲಾಯಿಸಿಕೊಂಡರೂ ಅವರಿಗೆ ಕೆಇಬಿಯೇ. ಬಂದು ಹೋಲ್ಡರ್ ಬಲ್ಬು ತೆಗೆದು ಫೇಸ್‌ಗೂ ಅರ್ಥ್‌ಗೂ ಹಿಡಿದರು. ಜೋರಾಗಿ ಉರಿಯಿತು. ಅರ್ಥಿಂಗ್ ಚೆನ್ನಾಗಿದೆ ಅಂದುಕೊಂಡೆ. ಅವರು ಒಪ್ಪಲಿಲ್ಲ. ಮೆಯಿನ್ ತೆಗೆದು ಆ ಸಣ್ಣ ಡಬ್ಬಿ ಬಿಚ್ಚಿಸಿದರು. ಒಳಗೆ ಬೆರಳುದ್ದದ ಒಂದು ಕಪ್ಪು ವೈರು, ನ್ಯೂಟ್ರಲ್‌ನಿಂದ (ಕರೆಂಟು ವಾಪಸ್ ಹೋಗುವ ವೈರು) ಅರ್ಥ್‌ಗೆ ಕೊಂಡಿ ಹಾಕಿತ್ತು. ಹಸಿರು ಲೈಟಿನ 'ಸೆಟ್ಟಿಂಗ್' ಇದೇ, ಬಲ್ಬು ಉರಿದದ್ದೂ ಇದರಿಂದಲೇ. ಚಾರ್ಜರ್ ಅರ್ಥ್ ಇಲ್ಲ ಅಂತ ಕೂಗುತ್ತಿತ್ತು, ಅದರ ಬಾಯಿ ಮುಚ್ಚಿಸಿದ್ದರು. ಎಸ್ಟಿಮೇಟ್‌ನಲ್ಲಿದ್ದ ಆರ್‌ಸಿಸಿಬಿ ಡಬ್ಬಿಯಲ್ಲಿ ಇರಲೇ ಇಲ್ಲ. ಕಾಂಪೌಂಡ್ ಪಕ್ಕ ಗುಂಡಿ ಅಗೆದೆವು. ಹಸಿರು ವೈರು ಅರ್ಧ ಅಡಿ ಇಳಿದು ಮಣ್ಣಿನಲ್ಲಿ ತುದಿ ಬಿಟ್ಟುಕೊಂಡು ಮಲಗಿತ್ತು. ರಾಡೂ ಇಲ್ಲ, ಏನೂ ಇಲ್ಲ. ಎಳೆದರೆ ಕೈಗೇ ಬಂತು.

ಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. "ನೋಡಪ್ಪಾ, ಆ ಕಡೆ ನ್ಯೂಟ್ರಲ್ ಎಲ್ಲಾದರೂ ಕಿತ್ತುಹೋದರೆ ಕಾರಿನ ಮೈಯೆಲ್ಲ 230 ವೋಲ್ಟು. ಕಂಬದಲ್ಲಿ ಯಾರಾದರೂ ಫೇಸು ನ್ಯೂಟ್ರಲ್ಲು ಅದಲು ಬದಲು ಮಾಡಿದರೂ ಅಷ್ಟೇ. ಮಗು ಮುಟ್ಟಿದ್ರೆ?" ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಕೊಂಡಿಯ ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು. ಮೂರು ದಿನ ಉತ್ತರ ಇಲ್ಲ. ಆಮೇಲೆ, "ಆ ಹುಡ್ಗ ಕೆಲ್ಸ ಬಿಟ್ಟು ಹೋಗಿದಾನೆ ಸರ್." ದುಡ್ಡು ವಾಪಸ್ ಕೊಡು ಅಂದೆ. "ನಾವು ಎಲ್ಲರ ಮನೇಲೂ ಹೀಗೇ ಮಾಡೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ." ಈ ಸಾಲು ಓದಿದ ಮೇಲೇ ಬರೆಯೋಕೆ ಕೂತಿದ್ದು. ಎಲ್ಲರ ಮನೆಯಲ್ಲೂ ಹೀಗೇ!

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ವಾಟ್ಸಾಪ್ ಮತ್ತು ಯುಪಿಐ ದಾಖಲೆ ಇದೆ, ನೋಡಬೇಕು. ನೀವು ಬಿಲ್ ಬಿಡಬೇಡಿ.

ಈಗ ಮಾವನೇ ನಿಂತು ಮಾಡಿಸಿದ್ದು: ಮೀಟರ್ ಬೋರ್ಡಿನಿಂದ ನೇರ 4 ಸ್ಕ್ವೇರ್ ವೈರು, 20 ಆಂಪ್ಸ್ ಎಂಸಿಬಿ, 30 ಮಿಲಿ ಆಂಪ್ಸ್ ಆರ್‌ಸಿಸಿಬಿ, ದಪ್ಪ ಇಂಡಸ್ಟ್ರಿಯಲ್ ಸಾಕೆಟ್, ನಿಜವಾಗಿ ನೆಲಕ್ಕೆ ಇಳಿದ ರಾಡು. ರಾಡೂ ಸೇರಿ ಹನ್ನೊಂದು ಸಾವಿರ. ಕಾರ್ ಜೊತೆ ಬಂದ ಕೇಬಲ್ಲೇ ಸಾಕು. ಪ್ಲಗ್ ಬಿಸಿ ಆಗಲ್ಲ, ಬೆಳಗ್ಗೆ ಫುಲ್. ಪುಣ್ಯಕ್ಕೆ ಆ ಬಾಕ್ಸಿಗಾಗಿ ಮನೆ ಕನೆಕ್ಷನ್ನಿನ ಲೋಡ್ ಜಾಸ್ತಿ ಮಾಡಿಸುವ ಅರ್ಜಿ ಇನ್ನೂ ಹಾಕಿರಲಿಲ್ಲ, ಇಲ್ಲದಿದ್ದರೆ ಪ್ರತಿ ಕಿಲೋವ್ಯಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಬೀಳುತ್ತಿತ್ತು. ನಿಮ್ಮ ಕಾರಿನೊಳಗಿನ ಚಾರ್ಜರ್ 7.2 ಇದ್ದು, ಓಡಾಟ ಜಾಸ್ತಿ ಇದ್ದರೆ ವಾಲ್ ಬಾಕ್ಸ್ ಹಾಕಿಸಿ, ಬೇಡ ಅನ್ನಲ್ಲ. ಮೊದಲು ಕಾರಿನ ಪುಸ್ತಕ ನೋಡಿ. ಗುಂಡಿ ಮುಚ್ಚುವಾಗ ಪಕ್ಕದಲ್ಲೇ ನಿಂತಿರಿ, ಕಾಫಿ ಆಮೇಲೆ ಕೊಡಿ. ಕೆಂಪು ಲೈಟು ಹತ್ತು ನಿಮಿಷದಲ್ಲಿ ಹಸಿರಾಗಿದ್ದರೆ ಇವತ್ತೇ ಮೆಯಿನ್ ತೆಗೆದು, ಬೇರೆ ಎಲೆಕ್ಟ್ರಿಷಿಯನ್ ಕೈಲಿ ಡಬ್ಬಿ ಬಿಚ್ಚಿಸಿ.

ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಯಾರದೋ ಹೊಸ ಮನೆ, ಬಿಳಿ ಗೋಡೆ, ಅದೇ ಬಾಕ್ಸು, ಚೆಂಡು ಹೂವಿನ ಹಾರ. ಪಕ್ಕದಲ್ಲಿ ಸಣ್ಣ ಡಬ್ಬಿ, ಹಸಿರು ಲೈಟು. ಕಾರಿಗೆ ಒರಗಿಕೊಂಡು ಒಂದು ಹುಡುಗಿ ನಿಂತಿದೆ, ಐದಾರು ವರ್ಷ ಇರಬಹುದು, ಬರಿಗಾಲು. ಈ ಗೋಡೆ ನಿಮಗೆ ಗೊತ್ತಿರುವವರದ್ದಾದರೆ ದಯವಿಟ್ಟು ಇವತ್ತೇ ಫೋನ್ ಮಾಡಿ.