ಫೈಬರ್ ಪ್ಯಾನೆಲ್ಲಿನ ಬಣ್ಣದ ದೋಷ: ಉಜ್ಜುವುದೋ, ತುಂಬುವುದೋ, ಪೂರ್ತಿ ಹೊಸದಾಗಿ ಬಳಿಸುವುದೋ?

ಉಕ್ಕಿನ ತಗಡಿನ ಬದಲು ರಾಳ ಮತ್ತು ಗಾಜಿನ ನಾರನ್ನು ಬೆರೆಸಿ ಅಚ್ಚೊತ್ತಿದ ಹೊರಮೈ ಇರುವ ಸ್ಪೋರ್ಟ್ಸ್ ಕಾರುಗಳಲ್ಲಿ ಬಣ್ಣದ ದೋಷ ಕಂಡುಬಂದಾಗ, ಉಕ್ಕಿನ ಕಾರಿಗೆ ಒಪ್ಪುವ ಉಪಚಾರವೇ ಇದಕ್ಕೂ ಸಾಕೆಂದು ಹಲವರು ಭಾವಿಸುತ್ತಾರೆ. ನನ್ನ ಕಾರಿನ ಬಾನೆಟ್, ಫೆಂಡರ್, ಬಾಗಿಲು ಮತ್ತು ಹಿಂಬದಿಯ ಪ್ಯಾನೆಲ್ಲುಗಳಲ್ಲಿ ಬೇರೆ ಬೇರೆ ಬಗೆಯ ದೋಷಗಳಿದ್ದುದರಿಂದ, ವಾಟರ್ ಪೇಪರಿನಲ್ಲಿ ಉಜ್ಜಿ ಪಾಲಿಶ್ ಮಾಡುವುದು, ಗುಳಿಗಳನ್ನು ಕ್ಲಿಯರ್‌ನಿಂದ (ಬಣ್ಣದ ಮೇಲೆ ಬಳಿಯುವ ಪಾರದರ್ಶಕ ಲೇಪ) ತುಂಬುವುದು, ಪ್ಯಾನೆಲ್ ಕಳಚಿ ಪೂರ್ತಿ ಹೊಸದಾಗಿ ಬಳಿಸುವುದು, ಮೇಲೆ ಬಣ್ಣವನ್ನು ಕಾಪಾಡುವ ಪಾರದರ್ಶಕ ಪಿಪಿಎಫ್ ಹಾಳೆ ಹಚ್ಚುವುದು ಎಂಬ ನಾಲ್ಕೂ ದಾರಿಗಳನ್ನು ಒಂದೇ ಕಾರಿನ ಮೇಲೆ ನೋಡುವ ಅವಕಾಶ ನನಗೆ ಒದಗಿತು. ದೋಷ ಬಣ್ಣದಲ್ಲೇ ಹುಟ್ಟಿದೆಯೋ ಅಥವಾ ಅದರ ಅಡಿಯಲ್ಲಿರುವ ಪ್ಯಾನೆಲ್ಲಿನಿಂದ ಮೇಲೆದ್ದಿದೆಯೋ ಎಂಬುದನ್ನು ತಿಳಿಯದೆ ಇವುಗಳಲ್ಲಿ ಯಾವುದನ್ನೂ ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಪ್ಯಾನೆಲ್ಲುಗಳು ಹೊಸ ಆವಿಷ್ಕಾರವಲ್ಲ. 1953ರ ಷೆವ್ರೊಲೆ ಕಾರ್ವೆಟ್ ಫೈಬರ್ ಗ್ಲಾಸ್ ಮೈಯೊಂದಿಗೇ ಮಾರುಕಟ್ಟೆಗೆ ಬಂದಿತ್ತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಎಸ್‌ಎಂಸಿ ಎಂಬ ಬಗೆ. ಇದರಲ್ಲಿ ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ರಾಳ, ಕತ್ತರಿಸಿದ ಗಾಜಿನ ನಾರು ಮತ್ತು ಸುಣ್ಣದ ಕಲ್ಲಿನ ಪುಡಿಯಂಥ ಫಿಲ್ಲರ್ ಸೇರಿದ ಹಾಳೆಯನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯ ಅಚ್ಚಿನಲ್ಲಿ ಭಾರೀ ಒತ್ತಡದಿಂದ ಒತ್ತುತ್ತಾರೆ. ಉಕ್ಕಿನ ಮೈಯನ್ನು ವಿದ್ಯುತ್ ಹರಿಸಿದ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ತೊಟ್ಟಿಯಲ್ಲಿ ಮುಳುಗಿಸಿದರೆ ಸಂದುಗೊಂದುಗಳಿಗೂ ಸಮನಾದ ಲೇಪ ಸಿಗುತ್ತದೆ. ವಿದ್ಯುತ್ತನ್ನು ಹಾಯಗೊಡದ ಫೈಬರಿಗೆ ಆ ಸೌಲಭ್ಯವಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಉಕ್ಕಿನಲ್ಲಿ ಇಲ್ಲದ ಸೂಕ್ಷ್ಮ ರಂಧ್ರಗಳೂ ಕೂದಲೆಳೆಯಂಥ ಬಿರುಕುಗಳೂ ಇದರಲ್ಲಿ ಇರುತ್ತವೆ. ಅವುಗಳಲ್ಲಿ ಸಿಕ್ಕಿಬಿದ್ದ ಗಾಳಿ, ತೇವ ಮತ್ತು ದ್ರಾವಕದ ಆವಿ ಲೇಪವನ್ನು ಬಿಸಿಯಲ್ಲಿ ಒಣಗಿಸುವಾಗ ಹಿಗ್ಗಿ, ಇನ್ನೂ ಗಟ್ಟಿಯಾಗದ ಪ್ರೈಮರನ್ನೋ ಕ್ಲಿಯರನ್ನೋ ಒಡೆದುಕೊಂಡು ಹೊರಬರುತ್ತವೆ. ಅವು ಬಿಟ್ಟುಹೋದ ಗುರುತೇ ಗುಳ್ಳೆ ಅಥವಾ ಸೂಜಿಮೊನೆಯಷ್ಟರ ಗುಳಿ. ಅಂಚು ಕತ್ತರಿಸಿದ ಮತ್ತು ರಂಧ್ರ ಕೊರೆದ ಕಡೆಗಳಲ್ಲಿ ನಾರು ತೆರೆದುಕೊಂಡಿರುವುದರಿಂದ ಇಂಥ ಗುಳಿಗಳು ಅಲ್ಲಿಯೇ ಸಾಲಾಗಿ ಕಾಣಿಸಿಕೊಳ್ಳುತ್ತವೆ.

ಪತ್ತೆ ಹಚ್ಚಲು ನಾನು ನೆಚ್ಚಿಕೊಂಡದ್ದು ಓರೆಯಾಗಿ ಹಿಡಿದ ಟಾರ್ಚು, ಒಂದು ಭೂತಗನ್ನಡಿ ಮತ್ತು ಲೇಪದ ದಪ್ಪವನ್ನು ಧ್ವನಿ ತರಂಗದಿಂದ ಅಳೆಯುವ ಅಲ್ಟ್ರಾಸಾನಿಕ್ ಮಾಪಕ. ಪೇಂಟರುಗಳ ಬಳಿ ಸಾಮಾನ್ಯವಾಗಿ ಇರುವ ಮಾಪಕ ಲೋಹದ ಮೇಲಿನ ಲೇಪದ ದಪ್ಪವನ್ನಷ್ಟೇ ಹೇಳಬಲ್ಲದು, ಫೈಬರಿನ ಮೇಲೆ ಅದು ಏನನ್ನೂ ತೋರಿಸುವುದಿಲ್ಲ. ಆದ್ದರಿಂದ ಇಂಥ ಕಾರಿಗೆ ಪಾಲಿಶ್ ಯಂತ್ರ ಹಿಡಿಯುವ ಯಾರನ್ನಾದರೂ ಮೊದಲು ಕೇಳಬೇಕಾದ ಪ್ರಶ್ನೆ ಅವರಲ್ಲಿ ಅಲ್ಟ್ರಾಸಾನಿಕ್ ಮಾಪಕ ಇದೆಯೇ ಎಂಬುದು. ಗುಳಿಯ ತಳದಲ್ಲಿ ಕಾರಿನ ಬಣ್ಣವೇ ಕಂಡರೆ ದೋಷ ಕ್ಲಿಯರಿನಲ್ಲಿ ಮಾತ್ರ ಇದೆ ಎಂದು ತಿಳಿಯಬಹುದು. ಬೂದು ಬಣ್ಣದ ಪ್ರೈಮರ್ ಅಥವಾ ಅದಕ್ಕಿಂತ ಕೆಳಗಿನ ಕಪ್ಪು ಚುಕ್ಕೆ ಕಂಡರೆ ಬೇರು ಪ್ಯಾನೆಲ್ಲಿನಲ್ಲಿದೆ.

ನನ್ನ ಕಾರಿನ ಬಾಗಿಲಿನಲ್ಲಿ ಇದ್ದದ್ದು ಕಿತ್ತಳೆ ಸಿಪ್ಪೆಯಂಥ ತರಿತರಿಯಾದ ಮೇಲ್ಮೈ ಮತ್ತು ಕ್ಲಿಯರಿನಲ್ಲಿ ಸಿಕ್ಕಿಬಿದ್ದ ಧೂಳಿನ ಕಣಗಳು. ಫೈಬರಿನಲ್ಲಿ ಸ್ಥಿರವಿದ್ಯುತ್ ಬೇಗ ತುಂಬಿಕೊಳ್ಳುವುದರಿಂದ ಬಣ್ಣ ಹೊಡೆಯುವಾಗ ಧೂಳನ್ನು ಅದು ಸುಲಭವಾಗಿ ಸೆಳೆಯುತ್ತದೆ. ಇಲ್ಲಿ ವಾಟರ್ ಪೇಪರ್ ನಿಸ್ಸಂದೇಹವಾಗಿ ಗೆದ್ದಿತು. 2000 ಮತ್ತು 3000 ನಂಬರಿನ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಬಳಿಕ ಪಾಲಿಶ್ ಕಾಂಪೌಂಡಿನಿಂದ ಹೊಳಪು ತರಿಸಿದಾಗ ಪ್ರತಿಬಿಂಬ ನೇರವಾಗಿ ನಿಂತಿತು. ಆದರೆ ಕಾರ್ಖಾನೆಯ ಕ್ಲಿಯರ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಮಾತ್ರ ಇರುವುದರಿಂದ, ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ಅಂಶವನ್ನು ಉಳಿಸಿಕೊಳ್ಳಲು ಕೆಲವೇ ಮೈಕ್ರಾನ್ ತೆಗೆದು ನಿಲ್ಲಿಸಬೇಕು. ಇನ್ನೊಂದು ಎಚ್ಚರ ಫೈಬರಿಗೇ ವಿಶೇಷವಾದದ್ದು. ಶಾಖವನ್ನು ಹರಡುವ ಶಕ್ತಿ ಅದರಲ್ಲಿ ಉಕ್ಕಿಗಿಂತ ಸುಮಾರು ನೂರು ಪಟ್ಟು ಕಡಿಮೆ ಇರುವುದರಿಂದ ಪಾಲಿಶ್ ಯಂತ್ರದ ಬಿಸಿ ತಗಲಿದ ಜಾಗದಲ್ಲೇ ನಿಲ್ಲುತ್ತದೆ, ಮಡಿಕೆಯ ಏಣುಗಳಲ್ಲಿ ಕ್ಲಿಯರ್ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಲ್ಲದು. ಏಣುಗಳಿಗೆ ಮೊದಲೇ ಟೇಪ್ ಹಚ್ಚಿ, ಅಲ್ಲಿ ಕೈಯಿಂದಲೇ ಉಜ್ಜುವುದು ಸರಿಯಾದ ಕ್ರಮ.

ಫೆಂಡರಿನ ಅಂಚಿನ ಗುಳಿಗಳಿಗೆ ಕ್ಲಿಯರ್ ತುಂಬಿಸಿದೆ. ಸೂಜಿಯ ತುದಿಯಿಂದ, ಗಟ್ಟಿಗೊಳಿಸುವ ಹಾರ್ಡ್ನರ್ ಬೆರೆತ ಕ್ಲಿಯರಿನ ಹನಿ ಬಿಟ್ಟು, ಅದು ಗಟ್ಟಿಯಾದ ಮೇಲೆ ಸಮತಟ್ಟಾಗಿಸುವ ಈ ಕೆಲಸ ತಾಳ್ಮೆಯನ್ನು ಬೇಡುತ್ತದೆ, ಆದರೆ ಪ್ಯಾನೆಲ್ ಕಳಚುವ ಅಗತ್ಯವಿಲ್ಲ, ಕಾರ್ಖಾನೆಯ ಮೂಲ ಬಣ್ಣವೂ ಉಳಿಯುತ್ತದೆ. ಮೊದಲ ನೋಟಕ್ಕೆ ಇದು ಉಳಿದೆಲ್ಲಕ್ಕಿಂತ ಆಕರ್ಷಕವಾಗಿ ಕಂಡಿತು. ಕ್ಲಿಯರಿನೊಳಗಷ್ಟೇ ಇದ್ದ ಗುಳಿಗಳು ಇಂದಿಗೂ ಕಣ್ಣಿಗೆ ಬೀಳದಂತೆ ಮುಚ್ಚಿಕೊಂಡಿವೆ. ಪ್ರೈಮರ್ ದಾಟಿ ಇಳಿದಿದ್ದ ಗುಳಿಗಳಾದರೋ, ಕಾರು ಬಿಸಿಲಿನಲ್ಲಿ ಚೆನ್ನಾಗಿ ಕಾದು ತಣಿದ ಅನುಭವಗಳ ನಂತರ ಒಂದೊಂದಾಗಿ ಮತ್ತೆ ತಗ್ಗಿದವು, ಕೆಲವುಗಳ ಸುತ್ತ ಉಂಗುರದಂಥ ಗೆರೆಯೂ ಮೂಡಿತು. ಹನಿಯಲ್ಲಿದ್ದ ದ್ರಾವಕ ಆರುತ್ತಾ ಕ್ಲಿಯರ್ ಕುಗ್ಗುವುದು ಒಂದು ಕಾರಣ. ಅಡಿಯ ರಂಧ್ರ ತೆರೆದೇ ಇದ್ದು ಗಾಳಿ ಮತ್ತೆ ಹಿಗ್ಗುವುದು ಇನ್ನೊಂದು. ಬಾವಿಯ ಊಟೆಯನ್ನು ಮುಚ್ಚದೆ ನೀರನ್ನಷ್ಟೇ ತೋಡಿದಂತೆ ಈ ಉಪಾಯ ಅಲ್ಲಿ ವ್ಯರ್ಥವಾಯಿತು.

ಬಾನೆಟ್ಟಿನ ಸ್ಥಿತಿ ಎಲ್ಲಕ್ಕಿಂತ ಕೆಟ್ಟದಾಗಿದ್ದುದರಿಂದ ಅದನ್ನು ಕಳಚಿ ಪೂರ್ತಿ ಹೊಸದಾಗಿ ಬಳಿಸಲಾಯಿತು. ದುಬಾರಿಯೂ ನಿಧಾನವೂ ಆದ ಈ ದಾರಿಯೇ ಪ್ಯಾನೆಲ್ಲಿನಿಂದ ಹುಟ್ಟಿದ ದೋಷಕ್ಕೆ ನಿಜವಾದ ಪರಿಹಾರ ಎಂದು ನಾನು ಹೇಳುತ್ತೇನೆ, ಆದರೆ ಅದರ ಹಂತಗಳನ್ನು ಒಂದನ್ನೂ ಬಿಡದೆ ಪಾಲಿಸಿದರೆ ಮಾತ್ರ. ಬಣ್ಣ ಕರಗಿಸುವ ರಾಸಾಯನಿಕವನ್ನು ಇಲ್ಲಿ ಬಳಸುವಂತಿಲ್ಲ, ಏಕೆಂದರೆ ಅದು ರಾಳವನ್ನೂ ತಿನ್ನುತ್ತದೆ, ರಂಧ್ರಗಳಲ್ಲಿ ಉಳಿದು ಹೊಸ ಬಣ್ಣವನ್ನೂ ಕೆಡಿಸುತ್ತದೆ. ಹಳೆಯ ಲೇಪವನ್ನು ಉಜ್ಜಿಯೇ ತೆಗೆಯಬೇಕು, ಮೇಲ್ಪದರದ ರಾಳ ಸವೆದು ನಾರು ಹೊರಬೀಳದಂತೆ ನೋಡಿಕೊಳ್ಳಬೇಕು. ಅದಾದ ಮೇಲೆ ಬರುವುದೇ ಅವಸರದ ಪೇಂಟರುಗಳು ಬಿಟ್ಟುಬಿಡುವ ಹಂತ: ಬರಿಯ ಪ್ಯಾನೆಲ್ಲನ್ನು ಬಾಗದಂತೆ ಆಧಾರ ಕೊಟ್ಟು, 60ರಿಂದ 70 ಡಿಗ್ರಿಯ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಒಳಗಿನ ತೇವ ಮತ್ತು ಆವಿ ಬಣ್ಣದ ಕೆಳಗೆ ಸಿಲುಕುವ ಮೊದಲೇ ಹೊರಹೋಗಲು ಬಿಡುವುದು. ಹೀಗೆ ಬಿಸಿಯಾದಾಗ ತೆರೆದುಕೊಂಡ ರಂಧ್ರಗಳು ಕಣ್ಣಿಗೆ ಕಾಣುತ್ತವೆ. ಅವುಗಳಿಗೆ ತೆಳುವಾಗಿ ಪುಟ್ಟಿ ಎಳೆದು, ಅಂಚುಗಳನ್ನು ಮರೆಯದೆ ಎಪಾಕ್ಸಿ ಪ್ರೈಮರಿನಿಂದ ಮುಚ್ಚಿ, ಆಮೇಲೆ ಮೇಲ್ಮೈಯನ್ನು ಸಮಗೊಳಿಸುವ ಸರ್ಫೇಸರ್, ಬಣ್ಣ ಮತ್ತು ಕ್ಲಿಯರ್ ಹಾಕಿದರು. ಪದರಗಳ ನಡುವೆ ದ್ರಾವಕ ಆರಲು ಸಾಕಷ್ಟು ಸಮಯ ಕೊಟ್ಟರು. ಎರಡು ಬೇಸಿಗೆಗಳನ್ನು ಕಂಡ ಈ ಬಾನೆಟ್ಟಿನಲ್ಲಿ ಒಂದು ಗುಳಿಯೂ ಮರಳಿ ಬಂದಿಲ್ಲ.

ಈ ದಾರಿಗೂ ಎರಡು ಕೊರತೆಗಳಿವೆ. ಮೆಟಾಲಿಕ್ ಬಣ್ಣದಲ್ಲಿ ಲೋಹದ ಚೂರುಗಳು ಮಲಗುವ ಕೋನ ಕಾರ್ಖಾನೆಯ ಯಂತ್ರದಲ್ಲಿ ಒಂದು ಬಗೆ, ಕೈಯಲ್ಲಿ ಹಿಡಿದ ಗನ್ನಿನಲ್ಲಿ ಇನ್ನೊಂದು ಬಗೆ. ಆದ್ದರಿಂದ ಪಕ್ಕದ ಪ್ಯಾನೆಲ್ಲುಗಳಿಗೂ ಬಣ್ಣವನ್ನು ತೆಳುವಾಗಿ ಬೆರೆಸಿಕೊಂಡು ಹೋಗದಿದ್ದರೆ ಸಂಜೆಯ ಓರೆ ಬೆಳಕಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಜೊತೆಗೆ, ಕ್ಲಿಯರನ್ನು ಅತಿಯಾಗಿ ಕಾಯಿಸಿದರೆ ರಾಳ ಮತ್ತು ನಾರು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ, ನಾರಿನ ಗುರುತೇ ಮೇಲೆ ಅಚ್ಚಾಗಿ ಕಾಣಬಹುದು. ಕಾರ್ಬನ್ ಫೈಬರಿನಲ್ಲಿ ಈ ಅಪಾಯಕ್ಕೆ ಇನ್ನೂ ಹೆಚ್ಚಿನ ಗಮನ ಬೇಕು.

ಪಿಪಿಎಫ್ ಹಾಳೆಯನ್ನು ನಾನು ದುರಸ್ತಿಯ ಸಾಲಿನಲ್ಲಿ ಇಡಲಾರೆ. ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಆ ಯುರೆಥೇನ್ ಹಾಳೆ ಕಲ್ಲೇಟಿನಿಂದ ಚೆನ್ನಾಗಿ ಕಾಪಾಡುತ್ತದೆ, ತರಿತರಿಯಾದ ಮೇಲ್ಮೈಯನ್ನು ಅಲ್ಪಸ್ವಲ್ಪ ಮರೆಸುತ್ತದೆ. ಗುಳಿಗಳ ಮೇಲೆ ಹಚ್ಚಿದರೆ ಗಾಳಿ ಅಡಿಯಲ್ಲೇ ಸಿಕ್ಕಿಕೊಂಡು, ಹಿಂಬದಿಯ ಪ್ಯಾನೆಲ್ಲಿನಲ್ಲಿ ಆದಂತೆ, ಬಿಳಿ ಚುಕ್ಕೆಗಳಾಗಿ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಅಂಟು ಸರಿಯಾಗಿ ಹಿಡಿಯದ ಬಣ್ಣವಿದ್ದರೆ ಹಾಳೆಯನ್ನು ಕೀಳುವಾಗ ಅದೂ ಜೊತೆಗೆ ಎದ್ದುಬರುವ ಭಯವಿದೆ. ಹೊಸದಾಗಿ ಬಳಿಸಿದ ಪ್ಯಾನೆಲ್ಲಿಗೆ ಇದನ್ನು ಹಚ್ಚುವುದಾದರೆ, ದ್ರಾವಕ ಪೂರ್ತಿ ಹೊರಹೋಗಲು ಬಣ್ಣದ ತಯಾರಕರು ಸೂಚಿಸಿದಷ್ಟು ವಾರ ಕಾಯಬೇಕು. ಕಾರು ಇನ್ನೂ ವಾರಂಟಿಯಲ್ಲಿದ್ದರೆ, ಹಾಳೆ ಹಚ್ಚುವ ಮೊದಲೇ, ಕಾಗದ ಮುಟ್ಟಿಸುವ ಮೊದಲೇ, ಪ್ರತಿ ಗುಳಿಯನ್ನೂ ಅಳತೆಪಟ್ಟಿಯೊಂದಿಗೆ ಫೋಟೋ ತೆಗೆದು ಲಿಖಿತವಾಗಿ ದೂರು ಸಲ್ಲಿಸುವುದು ಅಗತ್ಯ. ಉಜ್ಜಿದ ಮೇಲ್ಮೈಯಲ್ಲಿ ದೋಷ ಕಾರ್ಖಾನೆಯದೇ ಎಂದು ತೋರಿಸಿಕೊಡುವುದು ಬಹಳ ಕಷ್ಟ.