ಲೇಡಿಹಾಕ್ ಅವರ ‘ಆಂಗ್ಸೈಟಿ’: ಹೊಳಪು ಕಳಚಿದ ಎರಡನೆಯ ಆಲ್ಬಂ

ನ್ಯೂಜಿಲೆಂಡ್‌ನ ಗಾಯಕಿ ಪಿಪ್ ಬ್ರೌನ್ ಅವರು ಲೇಡಿಹಾಕ್ ಎಂಬ ಹೆಸರಿನಲ್ಲಿ 2008ರಲ್ಲಿ ಹೊರತಂದ ಮೊದಲ ಆಲ್ಬಂ 1980ರ ದಶಕದ ಸಿಂಥ್ ಪಾಪ್‌ನ (ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯವನ್ನು ಆಧರಿಸಿದ ಪಾಪ್ ಸಂಗೀತ) ಹೊಳಪನ್ನು ಮೈತುಂಬ ಹೊದ್ದಿತ್ತು. 2012ರ ‘ಆಂಗ್ಸೈಟಿ’ಯಲ್ಲಿ, ಸಂಗೀತ ನಿರ್ಮಾಪಕ ಪ್ಯಾಸ್ಕಲ್ ಗೇಬ್ರಿಯಲ್ ಅವರ ಜೊತೆಗೂಡಿ, ಗೆದ್ದ ದಾರಿಯನ್ನೇ ಮತ್ತೆ ತುಳಿಯದೆ ಆ ಹೊಳಪನ್ನು ಅವರು ಉಜ್ಜಿ ತೆಗೆದಿರುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒರಟು ಗಿಟಾರ್ ಮುಂದೆ ಬಂದಿದೆ. ಸಿಂಥ್ ಮಾಯವಾಗಿಲ್ಲವಾದರೂ, ಈಗ ಅದು ರಾಗವನ್ನು ಮುನ್ನಡೆಸುವ ಬದಲು ಗಿಟಾರ್‌ನ ಅಡಿಯಲ್ಲಿ ಗುರುಗುಟ್ಟುತ್ತ, ತಗ್ಗು ಸ್ವರದ ಬಾಸ್‌ನೊಂದಿಗೆ ಬೆರೆತು, ಹಾಡಿಗೆ ತಳಮಳವನ್ನು ತುಂಬುತ್ತದೆ. ಆತಂಕವೆಂಬ ಅರ್ಥದ ಶೀರ್ಷಿಕೆಗೆ ಈ ನಾದವೇ ತಕ್ಕದ್ದು. 10 ಹಾಡುಗಳ ಕೊನೆಯ ಭಾಗದಲ್ಲಿ ಲಯ ಒಂದೇ ಹದದಲ್ಲಿ ಉಳಿದು ತುಸು ದಣಿಸುವುದು ನಿಜ. ಹೆಡ್‌ಫೋನ್‌ನಲ್ಲಿ ಕೇಳುವುದು ಒಳ್ಳೆಯದು. ಗಿಟಾರ್‌ನ ಪದರಗಳು ಆಗಲೇ ಬಿಡಿಬಿಡಿಯಾಗಿ ತಿಳಿಯುತ್ತವೆ.